ಪಿಂಚಣಿ ಸಾಲಿನ ಗೇಟ್ ಮಾವ

ಆ ಅಂಚೆ ಕಚೇರಿಯಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಸರ್ಕಾರ ಅವನಿಗೆ ಸಂಬಳ ಕೊಡುತ್ತಿರಲಿಲ್ಲ, ಪಿಂಚಣಿಯನ್ನೂ ಕೊಡುತ್ತಿರಲಿಲ್ಲ. ಆದರೂ ತಿಂಗಳ ಮೊದಲ ವಾರ ಬಂತೆಂದರೆ ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ನಿಂತಿರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೂ ಗುಂಡಿ, ಬಾಚಿ ಕೂರಿಸಿದ ನಾಲ್ಕು ಕೂದಲು. ಚಿಕ್ಕವರು ಅವನನ್ನು ಗೇಟ್ ಮಾವ ಅನ್ನುತ್ತಿದ್ದರು, ಓರಗೆಯವರು ಬರೀ ಗೇಟು ಅನ್ನುತ್ತಿದ್ದರು.

ಹೆಸರು ಬಂದದ್ದು ಟಾಕೀಸಿನಿಂದ. ಅರ್ಧ ಆಯುಷ್ಯ ಅವನು ಊರಿನ ಟಾಕೀಸಿನಲ್ಲಿ ಕಡಿಮೆ ದರದ ಗೇಟು ಕಾಯುತ್ತಿದ್ದ. ಗೋಡೆ ಹಾರಿ ಬರುವವರು, ಕಾಲಸಂದಿಯಲ್ಲಿ ನುಸುಳುವವರು, ಹೆಂಗಸರ ಸಾಲಿಗೆ ತಂಗಿಯನ್ನು ಕಳಿಸಿ ಇಡೀ ಗ್ಯಾಂಗಿಗೆ ಟಿಕೆಟ್ ತರಿಸುವವರು, ಎಲ್ಲರನ್ನೂ ನೋಡಿ ಪಳಗಿದವನು. ಆಮೇಲೆ ಟಾಕೀಸು ಮುಚ್ಚಿತು, ಸಿಮೆಂಟಿನ ಗೋಡೌನ್ ಆಯಿತು. ಸಿಮೆಂಟ್ ಮೂಟೆಗಳಿಗೆ ಸಾಲಲ್ಲಿ ನಿಲ್ಲಿ ಅಂತ ಹೇಳುವವನು ಬೇಕಿರಲಿಲ್ಲ. ಅವನು ಬೀದಿಗೆ ಬಿದ್ದ.

ಮಕ್ಕಳಿರಲಿಲ್ಲ. ಒಬ್ಬ ತಮ್ಮನಿದ್ದ, ಹಂಚಿಕೊಳ್ಳಲಿಕ್ಕೆ ಆಸ್ತಿ ಇಲ್ಲದ್ದರಿಂದ ಜಗಳಕ್ಕೂ ಬರುತ್ತಿರಲಿಲ್ಲ. ಹೆಂಡತಿಯ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಅವಳಿಗೆ ಕಲ್ಯಾಣ ಇಲಾಖೆಯಿಂದ ತಿಂಗಳ ಭತ್ಯೆ ಬರುತ್ತಿತ್ತು, ಅದನ್ನು ಅಂಚೆ ಕಚೇರಿಯ ಕಿಟಕಿಯಲ್ಲಿ ನಗದಾಗಿ ಕೊಡುತ್ತಿದ್ದರು, ಖುದ್ದು ಬರಬೇಕು ಅನ್ನುವುದು ನಿಯಮ. ಬಾಡಿಗೆ ಕೈಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ತಳ್ಳಿಕೊಂಡು ಬರುತ್ತಿದ್ದ. ಆಗ ಕಿಟಕಿಯ ಮುಂದೆ ಸಾಲು ಅನ್ನುವುದೇ ಇರಲಿಲ್ಲ. ತೋಳಲ್ಲಿ ಬಲ ಇದ್ದವರು ಮುಂದೆ, ಇಲ್ಲದವರು ಗೋಡೆಗೆ. ಒಂದು ದಿನ ಹೆಂಡತಿ ಗಾಡಿಯಲ್ಲಿ ಕೂತೇ ಹೇಳಿದಳಂತೆ, "ಕಂಡವರ ಸಿನಿಮಾಕ್ಕೆಲ್ಲ ಸಾಲು ನಿಲ್ಲಿಸಿದ್ರಿ. ಇಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ನೋಡ್ತಾ ಇದ್ದೀರಲ್ಲ."

ಅವತ್ತು ಬಾಯಿ ಬಿಟ್ಟ. ಮುಂದಿನ ತಿಂಗಳಿಂದ ಅಲ್ಲಿ ಸಾಲು ಹುಟ್ಟಿತು.

ಹೆಂಡತಿ ಸತ್ತ ಮೇಲೆ ಅವಳ ಕಾರ್ಡು ವಾಪಸು ಕೊಡಲಿಕ್ಕೆ ಬಂದ. ಕಿಟಕಿಯ ಹಿಂದಿದ್ದ ಪೋಸ್ಟ್ ಮೇಡಂ ಕಾರ್ಡಿನ ಮೂಲೆ ಕತ್ತರಿಸಿ, "ಮನೆಗೆ ಹೋಗಿ ಮಾವ, ಸುಧಾರಿಸ್ಕೊಳ್ಳಿ" ಅಂದರು. ಅವನು ಹೊರಟ. ಬಾಗಿಲಲ್ಲಿ ಇಬ್ಬರು ಮುದುಕರು ನಾನು ಮೊದಲು, ನಾನು ಮೊದಲು ಅಂತ ಕತ್ತಿನ ಪಟ್ಟಿ ಹಿಡಿದುಕೊಂಡಿದ್ದರು. ಬಿಡಿಸಲಿಕ್ಕೆ ನಿಂತ. ನಿಂತವನು ಕಿಟಕಿ ಮುಚ್ಚುವವರೆಗೂ ನಿಂತ. ಮುಂದಿನ ತಿಂಗಳೂ ಬಂದ. ನಿನಗೇನು ಕೆಲಸ ಇಲ್ಲಿ ಅಂತ ಯಾರೂ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳದೆ ಇದ್ದದ್ದಕ್ಕೆ ಅವನು ಅಷ್ಟು ವರ್ಷ ಬದುಕಿದ ಅಂತ, ಊರಿನ ಪಿಂಚಣಿದಾರರ ಸಂಘದಲ್ಲಿ ಓಡಾಡುವ ನನಗೆ ಎಷ್ಟೋ ಸಲ ಅನ್ನಿಸಿದೆ.

ಅವನ ವಾಸ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಅಂಗಡಿ ಗುಡಿಸಿ, ಪಂಕ್ಚರ್ ನೋಡುವ ತೊಟ್ಟಿಗೆ ನೀರು ತುಂಬಿಸಿದರೆ ಬಾಡಿಗೆ ಮಾಫಿ, ಎರಡು ಹೊತ್ತಿನ ಊಟಕ್ಕಾಗುವಷ್ಟು ಕೈಗೂ ಸಿಗುತ್ತಿತ್ತು. ಕೋಣೆಯಲ್ಲಿ ಹಗ್ಗದ ಮಂಚ ಒಂದು. ಅದರಲ್ಲಿ ಎರಡು ತಗ್ಗು. ಅವನು ತನ್ನ ತಗ್ಗಿನಲ್ಲೇ ಮಲಗುತ್ತಿದ್ದ. ರೇಡಿಯೋ ಇತ್ತು, ಆದರೆ ಹಾಕುತ್ತಿರಲಿಲ್ಲ. ಹಾಕಿದರೆ ಕೆಳಗೆ ಗಿರಾಕಿಗಳು ಆಡುವ ಮಾತು ಕೇಳಿಸುವುದಿಲ್ಲ.

ಹೀಗೆ ತಿಂಗಳೆಲ್ಲ ಬೇರೆಯವರ ಮಾತು ಕೇಳಿಸಿಕೊಂಡು, ಮೊದಲ ವಾರದಲ್ಲಿ ತಾನು ಆಡುವುದು. ಅದು ಅವನ ಬದುಕು.

ಅವನು ಕಟ್ಟಿದ ಸಾಲಿನ ರೀತಿಯೇ ಬೇರೆ. ವಯಸ್ಸಾದವರು, ಕಾಲು ನೋವಿನವರು ಬಿಸಿಲಲ್ಲಿ ನಿಲ್ಲುವಂತಿರಲಿಲ್ಲ. ಅದಕ್ಕೆ ಎಲ್ಲರೂ ತಮ್ಮ ತಮ್ಮ ಸಾಮಾನು ಸಾಲಲ್ಲಿಟ್ಟು, ಹೋಗಿ ಗೋಡೆಯ ನೆರಳಲ್ಲಿ ಕೂರುವುದು. ಚೀಲ, ಚಪ್ಪಲಿ, ನೀರಿನ ಬಾಟಲಿ, ಹಿಡಿ ಮುರಿದ ಛತ್ರಿ. ಮುಪ್ಪಾದ ಕಮ್ಮಾರನೊಬ್ಬ ಹಿಡಿ ಇಲ್ಲದ ಸುತ್ತಿಗೆ ಇಡುತ್ತಿದ್ದ, ಗಾಳಿಗೆ ಹಾರಲ್ಲ ಅಂತ. ಗೇಟ್ ಮಾವ ಒಂದೊಂದು ಸಾಮಾನನ್ನೂ ಬಗ್ಗಿ ಕೈಯಿಂದಲೇ ಮುಂದೆ ಸರಿಸುತ್ತಿದ್ದ. ಕಾಲಲ್ಲಿ ತಳ್ಳಿದ್ದನ್ನು ಯಾರೂ ನೋಡಿಲ್ಲ. ಸರದಿ ಬಂದಾಗ ಸಾಮಾನನ್ನು ಮೇಲೆತ್ತಿ ಹಿಡಿದು ಕೂಗುವುದು.

"ಹಸಿರು ಚೀಲ, ಏಳಿ. ಒಂಟಿ ಚಪ್ಪಲಿ, ಆಮೇಲೆ ನೀವು. ಇನ್ನೊಂದು ಎಲ್ಲಪ್ಪಾ?"

"ಕಾಲಲ್ಲಿದೆ ಮಾವ. ಎರಡೂ ಬಿಟ್ರೆ ನೀವು ಮಾರ್ಕೊಂಡು ಬಿಡ್ತೀರಿ."

ಗುಜರಿ ಸಾಮಾನು ಆಯ್ದು ಮಾರಿ ಮುದುಕಿಯಾದ ಹೆಂಗಸು ಒಬ್ಬಳಿದ್ದಳು, ಎಲ್ಲರ ಬಾಯಲ್ಲೂ ಗುಜರಿಯಮ್ಮ. ಅವಳು ಬೇಕಂತಲೇ ತಿಂಗಳಿಗೊಂದು ವಿಚಿತ್ರ ವಸ್ತು ತಂದಿಡುತ್ತಿದ್ದಳು, ಇವನಿಗೆ ಗುರುತು ಸಿಗುತ್ತದೋ ಇಲ್ಲವೋ ನೋಡಲಿಕ್ಕೆ. ಒಮ್ಮೆ ತಳ ಹೋದ ಕೆಟಲು, ಒಮ್ಮೆ ಗಡಿಯಾರದ ಹೊಟ್ಟೆ. ಒಮ್ಮೆ ಪ್ಲಾಸ್ಟಿಕ್ ಗೊಂಬೆಯ ಬರೀ ಕೈ. ಅವನು ಅದನ್ನು ಎತ್ತಿ ಹಿಡಿದ.

"ಈ ಕೈ ಯಾರದು?"

"ನಂದು. ಹಿಡ್ಕೊಂಡಿದ್ದೀಯಲ್ಲ, ಇನ್ನು ಬಿಡಬೇಡ."

ಗೋಡೆಯ ಸಾಲು ಪೂರ್ತಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಿತು. ಅವನ ಕಿವಿ ಕೆಂಪಾಯಿತು. ಪೋಸ್ಟ್ ಮೇಡಂ ಕಿಟಕಿಯಿಂದ ತಲೆ ಹಾಕಿ, "ಮಾವ, ಕೈಗೆ ಕೈ ಆಮೇಲೆ ಕೊಡಿ, ಮುಂದಿನೋರನ್ನ ಕಳ್ಸಿ" ಅಂದರು. ಆ ಒಂದು ಮಾತು ಅವನಿಗೆ ಮುಂದಿನ ತಿಂಗಳವರೆಗೆ ಸಾಕಾಯಿತು.

ಇಂಥ ಹೊತ್ತಿಗೆ ಟೆಂಡರು ಬಂತು.

ಅಲ್ಲಿಯವರೆಗೂ ಕಲ್ಯಾಣ ಇಲಾಖೆಯ ದುಡ್ಡನ್ನು ಅಂಚೆಯವರೇ ಹಂಚುತ್ತಿದ್ದರು. ಯಾವ ಕಾಲದ ಕರಾರೋ ಯಾರಿಗೂ ನೆನಪಿರಲಿಲ್ಲ. ಮೇಲೆ ಕೂತ ಯಾರಿಗೋ ಹೊಳೆಯಿತು: ಒಂದೊಂದು ಪಾವತಿಗೂ ಅಂಚೆಗೆ ಕಮಿಷನ್ ಕೊಡುತ್ತಿದ್ದೇವಲ್ಲ, ಕಮ್ಮಿಗೆ ಮಾಡುವವರು ಯಾರಾದರೂ ಇದ್ದಾರೇನೋ ಕೇಳೋಣ. ಸಾರ್ವಜನಿಕ ಟೆಂಡರು. ಮುದುಕರ ಕೈಗೆ ನೋಟು ಮುಟ್ಟಿಸಲಿಕ್ಕೆ ಯಾರು ಕಡಿಮೆ ದರ ಹಾಕುತ್ತಾರೋ ಅವರಿಗೆ ಕೆಲಸ. ರಸ್ತೆಗೆ ಜಲ್ಲಿ ಸುರಿಯುವುದಕ್ಕೂ ಇದಕ್ಕೂ ಅವರ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಅಂಚೆಯವರೂ ಬೇಕಾದರೆ ದರ ಹಾಕಲಿ ಅಂದರು. ನಮ್ಮ ಮನೆಯಲ್ಲಿ ನಾವು ಅಡುಗೆ ಮಾಡಲಿಕ್ಕೆ ನಾವೇ ಅರ್ಜಿ ಹಾಕಬೇಕು ಅಂದ ಹಾಗೆ.

ಟೆಂಡರು ಕರೆಯುವ ಮೊದಲು ಯಾವ ಕಚೇರಿಯಲ್ಲಿ ಎಷ್ಟು ಜನ ಸಾಲಲ್ಲಿ ಕಾಯುತ್ತಾರೆ ಅಂತ ನೋಡಿ ಬರಲಿಕ್ಕೆ ಒಂದು ಸಲಹಾ ಕಂಪನಿಯನ್ನು ನೇಮಿಸಿದರು. ಪಾವತಿಯ ಲೆಕ್ಕ ಇಲಾಖೆಯ ಕಂಪ್ಯೂಟರಿನಲ್ಲೇ ಬಿದ್ದಿತ್ತು. ಒಂದು ಗುಂಡಿ ಒತ್ತಿದ್ದರೆ ಆಗಿಹೋಗುತ್ತಿತ್ತು. ಆದರೆ ಗುಂಡಿ ಒತ್ತುವುದಕ್ಕೆ ಕಂಪನಿ ಎಷ್ಟು ಬಿಲ್ಲು ಮಾಡಲಿಕ್ಕಾಗುತ್ತದೆ?

ಸುತ್ತೋಲೆ ಪೋಸ್ಟ್ ಮೇಡಂ ಕೈಗೆ ಬಂತು. ಅವರು ಗೇಟ್ ಮಾವನನ್ನು ಪಕ್ಕಕ್ಕೆ ಕರೆದರು.

"ಮಾವ, ಈ ಸಲ ಪಾವತಿ ದಿನ ಮೇಲಿಂದ ಒಬ್ಬರು ಬಂದು ಕೂರ್ತಾರೆ. ಸಾಲು ಎಷ್ಟು ಉದ್ದ ಇದೆ, ಜನ ಎಷ್ಟು ಹೊತ್ತು ಕಾಯ್ತಾರೆ ಅಂತ ಬರ್ಕೊಳ್ತಾರಂತೆ."

"ಬರ್ಕೊಂಡು?"

"ಬರ್ಕೊಂಡು ಏನು ಮಾಡ್ತಾರೆ ಅಂತ ಇದರಲ್ಲಿ ಇಲ್ಲ. ಸಾಲು ಉದ್ದ ಇದ್ರೆ ನಾವು ನೆಟ್ಟಗೆ ಕೆಲಸ ಮಾಡ್ತಿಲ್ಲ ಅಂತ ತಾನೇ?"

"ಇನ್ನೇನು ಮತ್ತೆ."

"ಇದು ಕೈ ಬಿಟ್ಟು ಹೋದ್ರೆ ನಂಗೆ ಉಳಿಯೋದು ಸ್ಟಾಂಪು, ಪಾರ್ಸಲು. ನಿಮಗೂ ಇಲ್ಲಿ ಬರೋ ಕೆಲಸ ಇರಲ್ಲ."

"ನೀವು ನಿಶ್ಚಿಂತೆಯಾಗಿರಿ ಮೇಡಂ. ನಾನಿದ್ದೀನಿ."

ಚಳವಳಿಯಲ್ಲಿ ಮೈ ಸವೆಸಿದವರು ಯಾರಾದರೂ ಅವನ ಜಾಗದಲ್ಲಿದ್ದಿದ್ದರೆ ಪಕ್ಕದ ಊರಿನಿಂದಲೂ ಜನ ತಂದು ಬೀದಿ ತುಂಬಿಸುತ್ತಿದ್ದರು. ತಲೆ ಎಣಿಸುವವನು ಬಂದಾಗ ತಲೆ ತೋರಿಸಬೇಕು, ಇದು ಲಾಠಿ ತಿಂದು ಕಲಿತ ಪಾಠ. ಗೇಟ್ ಮಾವ ಪಾಠ ಕಲಿತದ್ದು ಟಾಕೀಸಿನಲ್ಲಿ. ಮಾಲೀಕ ಕಾರಿನಲ್ಲಿ ಬಂದು ಇಳಿದಾಗ ಗೇಟಿನ ಮುಂದೆ ಗುಂಪು ಕಂಡರೆ ಗೇಟ್‌ಕೀಪರನಿಗೆ ಮಂಗಳಾರತಿ. ಗುಂಪು ಕಾಣದಿದ್ದರೆ ಅವನು ಕೆಲಸಗಾರ. ಒಳಗೆ ಸೀಟು ತುಂಬಿದೆಯೋ ಇಲ್ಲವೋ ಅದು ಬೇರೆಯವರ ತಲೆನೋವು.

ಪಾವತಿ ದಿನ ಬಂತು. ಕಚೇರಿಯ ಹಿಂದೆ ಪಾರ್ಸಲ್ ಇಡುವ ತಗಡಿನ ಶೆಡ್ಡು ಇತ್ತು. ಬಂದವರನ್ನೆಲ್ಲ ಅವನು ಬಂದ ಹಾಗೇ ಹಿಂದಕ್ಕೆ ಕರೆದುಕೊಂಡು ಹೋಗಿ ಶೆಡ್ಡಿನಲ್ಲಿ ಕೂರಿಸಿದ. ಸಾಮಾನು ಕೂಡ ಮುಂದೆ ಇಡುವಂತಿಲ್ಲ, ಅವೂ ಹಿಂದೆಯೇ.

"ಇದೇನು ಗೇಟು, ನಮ್ಮನ್ನೇ ಪಾರ್ಸಲ್ ಮಾಡ್ತೀಯಾ?" ಅಂದಳು ಗುಜರಿಯಮ್ಮ.

"ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು ತಾಯಿ. ಕೆಮ್ಮೋದಾದ್ರೂ ಸೆರಗು ಅಡ್ಡ ಇಟ್ಕೊಂಡು ಕೆಮ್ಮು. ಕಿಟಕಿ ಉಳೀಬೇಕೋ ಬೇಡವೋ?"

"ಉಳೀಲಿ ಬಿಡಪ್ಪ. ನೀನು ಅಂದ ಮೇಲೆ."

ಸರ್ವೆಗೆ ಬಂದವಳು ಕನ್ನಡಕದ ಹೆಣ್ಣುಮಗಳು, ಕೈಯಲ್ಲಿ ಟ್ಯಾಬು. ಬೆಂಚಿನ ಮೇಲೆ ಕೂತು ಆಗಾಗ ತಲೆ ಎತ್ತಿ ಎಣಿಸುವುದು, ಟ್ಯಾಬಿನಲ್ಲಿ ಒತ್ತುವುದು. ಗೇಟ್ ಮಾವ ಹಿಂದಿನ ಬಾಗಿಲಿಂದ ಇಬ್ಬರನ್ನು ಬಿಡುತ್ತಿದ್ದ. ಅವರು ಹೊರಗೆ ಹೋದ ಮೇಲೆ ಇನ್ನಿಬ್ಬರು. ಅಷ್ಟು ಜನ ಮುದುಕರು, ಕುಂಟರು, ವಿಧವೆಯರು ಆ ತಗಡಿನ ಕೆಳಗೆ ಬೆವರು ಸುರಿಸುತ್ತ ಪಿಟ್ಟೆನ್ನದೆ ಕೂತಿದ್ದರು. ನಮ್ಮ ಸಂಘದ ಯಾವ ಧರಣಿಯಲ್ಲೂ ನಾನು ಅಂಥ ಶಿಸ್ತು ಕಂಡಿಲ್ಲ. ಅವನು ಬೆಂಚಿನವಳಿಗೆ ಚಹಾ ತರಿಸಿಕೊಟ್ಟ.

"ಇಲ್ಲಿ ಜನಾನೇ ಇಲ್ವಲ್ಲ ತಾತ. ಬೇರೆ ಕಡೆ ಉಸಿರಾಡೋಕೂ ಜಾಗ ಇರಲಿಲ್ಲ."

"ಇಲ್ಲಿ ಹೀಗೇನಮ್ಮ."

"ಯಾವಾಗಲೂ ಇಷ್ಟೇನಾ?"

"ಇದಕ್ಕಿಂತ ಹೆಚ್ಚು ನಾವು ಬಿಡಲ್ಲ."

ಅವಳು ಅದನ್ನೂ ಒತ್ತಿಕೊಂಡಳು. ಸಂಜೆ ಅವಳು ಹೋದ ಮೇಲೆ ಪೋಸ್ಟ್ ಮೇಡಂ ಕಿಟಕಿಯಿಂದ ಎದ್ದು ಬಂದು ಅವನ ಕೈ ಹಿಡಿದು ಕುಲುಕಿದರು. ಶೆಡ್ಡಿನಿಂದ ಕೊನೆಗೆ ಬಂದ ಕಮ್ಮಾರ, "ನೀನು ಮಿಲಿಟರಿಗೆ ಹೋಗಬೇಕಿತ್ತು" ಅಂದ. ಗೇಟ್ ಮಾವ ಕೋಣೆಗೆ ಹೋಗುವಾಗ ದಾರಿಯಲ್ಲಿ ಗುರುತಿಲ್ಲದವರಿಗೂ ತಲೆಯಾಡಿಸಿಕೊಂಡು ಹೋದ.

ಟೆಂಡರಿನ ಕಾಗದ ಹೊರಬಿದ್ದಾಗ ಗೊತ್ತಾಯಿತು. ಕಚೇರಿಗಳನ್ನು ಮೂರು ಪಟ್ಟಿ ಮಾಡಿದ್ದರು. ಎಲ್ಲಿ ಸಾಲು ಉದ್ದ ಇದೆಯೋ ಅಲ್ಲಿ ಟೆಂಡರು ಗೆದ್ದವರು ಅಂಚೆ ಕಚೇರಿಯಲ್ಲೇ ಕಿಟಕಿ ನಡೆಸಬೇಕು. ಎಲ್ಲಿ ಸಾಧಾರಣವೋ ಅಲ್ಲಿ ತಿಂಗಳಲ್ಲಿ ಕೆಲವು ದಿನ. ಎಲ್ಲಿ ಸಾಲೇ ಇಲ್ಲವೋ ಅಲ್ಲಿ ಕಿಟಕಿ ದಂಡ, ಯಾವುದಾದರೂ ಅಂಗಡಿಯವನನ್ನು ಏಜೆಂಟ್ ಮಾಡಿದರೆ ಸಾಕು.

"ನಮ್ಮದು ಮೂರನೇ ಪಟ್ಟಿಗೆ ಬಿದ್ದಿದೆ ಮಾವ," ಅಂದರು ಪೋಸ್ಟ್ ಮೇಡಂ. ಅವರ ದನಿ ಸಣ್ಣಗಾಗಿತ್ತು.

"ಯಾಕೆ?"

"ಇಲ್ಲಿ ಯಾರೂ ಕಾಯಲ್ವಂತೆ."

ಅವನು ಹೊರಗೆ ಬಂದು ಕೈ ಹಿಂದೆ ಕಟ್ಟಿ ಮೆಟ್ಟಿಲ ಮೇಲೆ ನಿಂತ. ಅವತ್ತು ಪಾವತಿ ದಿನವಲ್ಲ. ಎದುರಿಗೆ ಖಾಲಿ ಬೀದಿ.

ಟೆಂಡರು ಹಾಕುವವರ ಸಂಶಯ ಪರಿಹಾರಕ್ಕೆ ಅಂತ ದೊಡ್ಡ ಕಚೇರಿಯಲ್ಲಿ ಒಂದು ಸಭೆ ಕರೆದಿದ್ದರು. ಸಾರ್ವಜನಿಕರೂ ಬರಬಹುದು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಾವು ಸಂಘದವರು ಒಂದು ವ್ಯಾನು ಮಾಡಿಕೊಂಡು ಹೋದೆವು. ಗುಜರಿಯಮ್ಮ, ಕಮ್ಮಾರ, ಇನ್ನೂ ಕೆಲವರು. ಗೇಟ್ ಮಾವನೂ ಬಂದ. ಏಸಿ ಹಾಕಿದ ತಣ್ಣನೆ ಸಭಾಂಗಣ, ಮುಂದಿನ ಸಾಲಿನಲ್ಲಿ ಕಂಪನಿಯವರು, ಅವರ ಮಡಿಲಲ್ಲಿ ಲ್ಯಾಪ್‌ಟಾಪು. ಬ್ಯಾಂಕ್ ಗ್ಯಾರಂಟಿ, ಠೇವಣಿ, ದಂಡದ ಶರತ್ತು, ಮಾತೆಲ್ಲ ಅದೇ. ಮುದುಕರು ಅನ್ನುವ ಶಬ್ದ ಎಲ್ಲೂ ಬರಲಿಲ್ಲ. ಅವರ ಪ್ರಶ್ನೆಗಳು ಮುಗಿದಾಗ ಗೇಟ್ ಮಾವ ಎದ್ದು ನಿಂತ.

"ಸ್ವಾಮಿ, ಅವತ್ತು ಜನ ಇದ್ರು. ನಾನೇ ಹಿಂದೆ ಕೂರಿಸಿದ್ದೆ."

ಅಧಿಕಾರಿ ಒಳ್ಳೆಯವನೇ. ಮೈಕು ಪಕ್ಕಕ್ಕೆ ಸರಿಸಿ, "ಎಲ್ಲಿ ಹಿಂದೆ?" ಅಂತ ಕೇಳಿದ.

"ಪಾರ್ಸಲ್ ಶೆಡ್ಡಲ್ಲಿ."

"ಯಾಕೆ?"

"ಚೆನ್ನಾಗಿ ಕಾಣ್ಲಿ ಅಂತ."

ಲ್ಯಾಪ್‌ಟಾಪಿನವರಲ್ಲಿ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. "ನೀವು ಯಾವ ಕಂಪನಿಯವರು?"

"ಯಾವುದೂ ಅಲ್ಲ."

"ಅಂಚೆ ಸಿಬ್ಬಂದಿನಾ?"

"ಅಲ್ಲ."

"ಫಲಾನುಭವಿನಾ? ಅಂದ್ರೆ, ದುಡ್ಡು ತಗೊಳ್ಳೋರಾ?"

"ಇಲ್ಲ ಸ್ವಾಮಿ."

"ಈ ವಯಸ್ಸಿಗೆ ನಿಮಗೆ ಬರಬೇಕಲ್ಲ. ಅರ್ಜಿ ಹಾಕಿಲ್ವಾ?"

"ಸಾಲು ನೋಡ್ಕೊಳ್ಳೋನು ಸಾಲಲ್ಲಿ ಎಲ್ಲಿ ನಿಲ್ಲೋದು ಸ್ವಾಮಿ? ಮುಂದೆ ನಿಂತ್ರೆ ಕಳ್ಳ ಅಂತಾರೆ. ಹಿಂದೆ ನಿಂತ್ರೆ ನನ್ನ ಸರದಿ ಬರೋ ಹೊತ್ತಿಗೆ ಮೇಡಂ ಕಿಟಕಿ ಹಾಕ್ತಾರೆ."

"ಹಾಗಾದ್ರೆ ನಿಮ್ಮನ್ನ ಏನಂತ ಬರ್ಕೊಳ್ಳಲಿ?"

ಅವನು ತಿರುಗಿ ನಮ್ಮವರ ಕಡೆ ನೋಡಿದ. ಜೀವಮಾನವೆಲ್ಲ ಬೇರೆಯವರ ಜಾಗ ತೋರಿಸಿಕೊಟ್ಟವನು. ಗುಜರಿಯಮ್ಮ ಕೂತಲ್ಲಿಂದಲೇ, "ನಮ್ಮ ಗೇಟು ಅಂತ ಬರ್ಕೊಳ್ಳಿ ಸ್ವಾಮಿ, ಸಾಕು" ಅಂದಳು. ಈ ಸಲ ಅಧಿಕಾರಿಯೂ ನಕ್ಕ. ಆಗಲಿ, ಗಮನಿಸ್ತೀವಿ ಅಂದ. ಆಮೇಲೆ ಸಭೆಯ ನಡಾವಳಿ ತರಿಸಿ ನೋಡಿದೆವು. "ಸಂಬಂಧಪಡದ ವ್ಯಕ್ತಿಯೊಬ್ಬರು ಅಭಿಪ್ರಾಯ ತಿಳಿಸಿದರು" ಅಂತ ಒಂದು ಸಾಲು. ಟೆಂಡರಿಗೆ ತಿದ್ದುಪಡಿಯೂ ಬಂತು, ಅದರಲ್ಲಿ ಕೊನೆಯ ದಿನಾಂಕ ಮುಂದೆ ಹಾಕಿದ್ದರು, ಅಷ್ಟೇ.

ವಾಪಸು ಬರುವಾಗ ವ್ಯಾನಿನಲ್ಲಿ ಕಮ್ಮಾರ ತಡೆಯಲಾಗದೆ ಹೇಳಿದ, "ನಿನ್ನ ಅಚ್ಚುಕಟ್ಟುತನ ನಮ್ಮ ಕಿಟಕಿ ತಿಂತು."

"ನೀನೇನು ಬಾಯಿ ಬಿಟ್ಟಿದ್ಯಾ?" ಗುಜರಿಯಮ್ಮ ಅವನ ಮೇಲೆ ತಿರುಗಿದಳು. "ಶೆಡ್ಡಲ್ಲಿ ಕುರಿ ಹಾಗೆ ಕೂತಿದ್ವಿ ಎಲ್ಲರೂ. ನಾನು ಕೆಮ್ಮನ್ನೂ ನುಂಗ್ಕೊಂಡೆ. ಈಗ ಅವನೊಬ್ಬನ್ನೇ ಅಂದ್ರೆ?"

ಗೇಟ್ ಮಾವ ಸೀಟು ಖಾಲಿ ಇದ್ದರೂ ದಾರಿಯುದ್ದಕ್ಕೂ ಬಾಗಿಲ ಸರಳು ಹಿಡಿದು ನಿಂತೇ ಬಂದ.

ಯಾವುದೋ ಕಂಪನಿ ಕಡಿಮೆ ದರ ಹಾಕಿ ಗೆದ್ದಿತು. ನಮ್ಮ ಕಡೆಯ ಕೆಲಸ ಮುಖ್ಯರಸ್ತೆಯ ಮೂಲೆಯಲ್ಲಿ ಜೆರಾಕ್ಸ್ ಮತ್ತು ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟವನಿಗೆ ಹೋಯಿತು. ಒಂದು ಸಣ್ಣ ಯಂತ್ರ. ಬೆರಳಿಟ್ಟರೆ ದುಡ್ಡು. ವಾರವಿಲ್ಲ, ತಾರೀಖಿಲ್ಲ, ಯಾವತ್ತು ಬೇಕಾದರೂ ಹೋಗಬಹುದು, ಎಷ್ಟು ಬೇಕೋ ಅಷ್ಟು ತೆಗೆಯಬಹುದು. ನಾವು ಘೋಷಣೆ ಕೂಗಿದ್ದೆವು, ಮುದುಕರು ಸತ್ತೇ ಹೋಗುತ್ತಾರೆ ಅಂತ ಭಾಷಣ ಬಿಗಿದಿದ್ದೆವು. ಯಾರೂ ಸಾಯಲಿಲ್ಲ. ಹಾಯಾಗಿದ್ದರು. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಒಂದು ದಿನ ರಸ್ತೆಯಲ್ಲಿ ಗುಜರಿಯಮ್ಮ ಅವನಿಗೆ ಸಿಕ್ಕಳು.

"ಹೇಗಿದೆ ಅಲ್ಲಿ?"

"ಸುಳ್ಳು ಯಾಕೆ ಹೇಳ್ಲಿ ಗೇಟು, ಚೆನ್ನಾಗಿದೆ. ಬೆರಳು ಇಡೋದು, ಬರೋದು. ಕೂರೋ ಹಾಗೂ ಇಲ್ಲ, ನಿಲ್ಲೋ ಹಾಗೂ ಇಲ್ಲ."

"ಸಾಲು?"

"ಸಾಲೆಲ್ಲಿ."

"ಬೇರೆಯವರು ಸಿಗ್ತಾರಾ? ಕಮ್ಮಾರ, ಹಸಿರು ಚೀಲದೋರು?"

"ಯಾರು ಯಾವಾಗ ಹೋಗ್ತಾರೋ ಯಾರಿಗೆ ಗೊತ್ತು. ನಾನಂತೂ ಆಮೇಲೆ ಯಾರ ಮುಖಾನೂ ನೋಡಿಲ್ಲ."

"ನನ್ನ ಮೇಲೆ ಕೋಪ ಇದೆಯಾ ಅವರಿಗೆ?"

"ಯಾಕೆ ಕೋಪ?" ಅಂದಳು ಅವಳು. ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು.

ಅದು ಅವನಿಗೆ ನಾಟಿತು. ಬೈದಿದ್ದರೆ ಬೈಯುವುದಕ್ಕಾದರೂ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಎರಡು ತಿಂಗಳಲ್ಲೇ ಎಲ್ಲರೂ ಮರೆತು ಮುಂದೆ ಹೋಗಿದ್ದರು. ಕಿಟಕಿಯನ್ನೂ, ಶೆಡ್ಡನ್ನೂ, ಅವನ ತಪ್ಪನ್ನೂ.

ತಿಂಗಳ ಮೊದಲ ವಾರ ಅವನು ಒಂದಷ್ಟು ಸಲ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಹೋಗಿ ನಿಂತ. ಸ್ಟಾಂಪಿಗೆ ಒಬ್ಬರು, ಪಾರ್ಸಲ್ಲಿಗೆ ಒಬ್ಬರು. ಪೋಸ್ಟ್ ಮೇಡಂ, "ಒಳಗೆ ಬಂದು ಕೂತ್ಕೊಳ್ಳಿ ಮಾವ, ಬಿಸಿಲು" ಅಂದರು. ಒಳಗೆ ಹೋಗಿ ಕೂತ. ಕೂತವನಿಗೆ ತಾನು ಅಲ್ಲಿ ಗಿರಾಕಿಯೂ ಅಲ್ಲ ಅಂತ ಅನ್ನಿಸಿತು. ಪೋಸ್ಟ್ ಕಾರ್ಡು ಒಂದು ಕೊಂಡ. ಬರೆಯಲಿಕ್ಕೆ ಯಾರೂ ಇರಲಿಲ್ಲ. ಆಮೇಲೆ ಹೋಗುವುದು ಬಿಟ್ಟ.

ಕೋಣೆಯಲ್ಲೇ ಇರತೊಡಗಿದ. ಬೆಳಗ್ಗೆ ಅಂಗಡಿ ಗುಡಿಸುವುದು, ತೊಟ್ಟಿಗೆ ನೀರು, ಮೇಲೆ ಬಂದು ಮಂಚದ ಮೇಲೆ ಕೂರುವುದು. ಒಂದು ದಿನ ಸೈಕಲ್ ಅಂಗಡಿಯವನು ಕೆಳಗಿಂದ ಪಂಪು ಎಲ್ಲಿಟ್ಟಿದ್ದೀರಿ ಅಂತ ಕೂಗಿ ಕೇಳಿದ. ಉತ್ತರ ಕೊಡಲು ಹೋದರೆ ಗಂಟಲಿನಿಂದ ದನಿಯೇ ಬರಲಿಲ್ಲ, ಏನೋ ಗೊರಗೊರ ಅಂದಿತು. ನೆಗಡಿಯಿಲ್ಲ, ಜ್ವರವಿಲ್ಲ. ಮಾತಾಡಿ ಎಷ್ಟು ದಿನವಾಯಿತು ಅಂತ ಯೋಚಿಸಿದ. ಹೊಳೆಯಲಿಲ್ಲ. ನೀರು ಕುಡಿದು ಗೋಡೆಗೆ ಮುಖ ಮಾಡಿ, "ಹಸಿರು ಚೀಲ, ಏಳಿ" ಅಂದು ನೋಡಿದ. ದನಿ ಇತ್ತು. ಇದನ್ನು ಅವನೇ ನನಗೆ ಹೇಳಿದ್ದು, ಹೇಳಿ ನಕ್ಕ. ನನಗೆ ನಗು ಬರಲಿಲ್ಲ.

ಆ ವಾರವೇ ಸಂಘದ ಕೋಣೆಗೆ ಬಂದ, ವೃದ್ಧಾಪ್ಯದ ಭತ್ಯೆಗೆ ಅರ್ಜಿ ಬರೆದುಕೊಡಿ ಅಂತ. ನಮ್ಮಲ್ಲಿ ಬರೆಯುವವಳು ಕೇಳಿದಳು, "ಇಷ್ಟು ವರ್ಷ ಬೇಡ ಅಂದ್ರಿ. ಈಗ ಕಾರಣ ಏನಂತ ಬರೀಲಿ ಮಾವ?"

"ಬೇರೆ ಆದಾಯ ಇಲ್ಲ ಅಂತ ಬರೀಮ್ಮ."

"ಅದು ಮೊದಲೂ ಇರಲಿಲ್ಲ."

"ಅದಕ್ಕೇ ಅದನ್ನೇ ಬರಿ. ಸುಳ್ಳಾಗಲ್ಲ."

ಮಂಜೂರಾಗಿ ಬರುವ ಹೊತ್ತಿಗೆ ಅಂಗಿಯ ಕಾಲರು ಇನ್ನಷ್ಟು ಸಡಿಲವಾಗಿತ್ತು. ಮೊದಲ ದಿನ ಇಸ್ತ್ರಿ ಮಾಡಿಸಿಕೊಂಡು, ತಲೆ ಬಾಚಿಕೊಂಡು, ಜೆರಾಕ್ಸ್ ಅಂಗಡಿ ತೆಗೆಯುವ ಮುಂಚೆಯೇ ಹೋಗಿ ನಿಂತ. ಮೊದಲನೆಯವನು ಅವನೇ. ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಅಂಗಡಿಯವನು ಬಾಗಿಲು ಎತ್ತಿ, ಯಂತ್ರ ಆನ್ ಮಾಡಿ, ಅವನ ಬೆರಳು ಹಿಡಿದು ಒತ್ತಿಸಿ, ನೋಟು ಎಣಿಸಿ ಕೈಗಿಟ್ಟ.

"ಆಯ್ತು ತಾತ."

"ಆಯ್ತಾ?"

"ಆಯ್ತು. ಇನ್ನೇನಾದ್ರೂ ಬೇಕಿತ್ತಾ?"

"ಇಲ್ಲ."

ಹೊರಗೆ ಬಂದ. ಅಂಗಿಯ ಇಸ್ತ್ರಿ ಇನ್ನೂ ಬೆಚ್ಚಗಿತ್ತು. ಅಷ್ಟಕ್ಕೇ ಮುಗಿದು ಹೋಗಿತ್ತು, ಅರ್ಜಿ, ಕಾಯುವಿಕೆ, ಎಲ್ಲ.

ಮುಂದಿನ ತಿಂಗಳು ಅವನು ಪೂರ್ತಿ ತೆಗೆಯಲಿಲ್ಲ. ಒಂದು ಚೂರು ತೆಗೆದ. ಮರುದಿನ ಮತ್ತೆ ಒಂದು ಚೂರು.

"ಒಂದೇ ಸಲ ತಗೊಂಡು ಹೋಗಬಹುದು ತಾತ," ಅಂದ ಅಂಗಡಿಯವನು.

"ಮನೇಲಿಟ್ರೆ ಖರ್ಚಾಗಿ ಹೋಗುತ್ತೆ."

ಅಂಗಡಿಯವನು ಮೊದಲು ರೇಗಿದ. ಆಮೇಲೆ ತಿಂಗಳ ಕೊನೆಯಲ್ಲಿ ತನ್ನ ಲೆಕ್ಕ ನೋಡಿಕೊಂಡ. ಕರಾರಿನ ಪ್ರಕಾರ ಅವನಿಗೆ ಒಂದೊಂದು ಸಲ ಬೆರಳು ಒತ್ತಿಸಿದ್ದಕ್ಕೂ ಇಷ್ಟು ಅಂತ ಕಮಿಷನ್. ಆ ದಿನದಿಂದ ಜೆರಾಕ್ಸ್ ಯಂತ್ರದ ಪಕ್ಕ ಒಂದು ಸ್ಟೂಲು ಬಂತು. ಬನ್ನಿ ತಾತ, ಕೂತ್ಕೊಳ್ಳಿ, ಊಟ ಆಯ್ತಾ, ಬಿಸಿಲು ಜೋರಾಗಿದೆ ಅಲ್ವಾ. ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ಕೂಗಿದ ದರದಲ್ಲಿ ಗೇಟ್ ಮಾವನಿಗೆ ದಿನಕ್ಕೆ ನಾಲ್ಕು ಮಾತು ಸಿಗತೊಡಗಿದವು. ಅವನಿಗೂ ಅದು ಗೊತ್ತು. ದಡ್ಡನೇನಲ್ಲ. ಗೊತ್ತಿದ್ದೂ ಹೋಗುತ್ತಿದ್ದ.

ಮೊನ್ನೆ ಅವನು ಹಾಗೆ ಸ್ಟೂಲಿನ ಮೇಲೆ ಕೂತಿದ್ದಾಗ ಗುಜರಿಯಮ್ಮ ಬಂದಳು. ಸೊಸೆ ಹೊರಗೆ ಸ್ಕೂಟರ್ ಆಫ್ ಮಾಡದೆ ನಿಂತಿದ್ದಳು.

"ಏನು ಗೇಟು, ಕೊನೆಗೆ ನೀನೂ ಕೈ ಚಾಚಿದೆಯಾ?"

"ಚಾಚಿದೆ."

"ಒಳ್ಳೇದಾಯ್ತು ಬಿಡು. ತಗೊಂಡಾಯ್ತಾ?"

"ಇಲ್ಲ. ನೀನು ತಗೋ ಮೊದಲು."

"ಮುಂಚೆ ಬಂದೋನು ನೀನಲ್ವಾ?"

"ನಂಗೆ ಅವಸರ ಇಲ್ಲ."

ಅವಳು ಬೆರಳಿಟ್ಟಳು, ನೋಟು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಹೊರಗೆ ಹಾರ್ನ್ ಆಯಿತು. "ಬಂದೆ ಕಣೇ, ಜೀವ ಹೋಗ್ತಾ ಇದೆಯಾ ನಿಂಗೆ?" ಅಂತ ಸೊಸೆಗೆ ಕೂಗಿ, ಇವನ ಕಡೆ ತಿರುಗಿದಳು. "ಬಡವಾಗಿದ್ದೀಯ. ಮನೆ ಕಡೆ ಬಾ ಒಂದ್ಸಲ."

"ಬರ್ತೀನಿ."

ಅಷ್ಟು ವರ್ಷ ಅವಳ ಕೆಟಲು, ಗಡಿಯಾರ ಎಲ್ಲವನ್ನೂ ಕಂಡ ತಕ್ಷಣ ಗುರುತು ಹಿಡಿದವನಿಗೆ ಅವಳ ಮನೆ ಯಾವ ಬೀದಿಯಲ್ಲಿದೆ ಅಂತ ಗೊತ್ತಿರಲಿಲ್ಲ. ಅವನು ಕೇಳಲಿಲ್ಲ. ಅವಳಿಗೆ ಹೇಳಲಿಕ್ಕೆ ತೋಚಲಿಲ್ಲ. ಸ್ಕೂಟರು ಹೋಯಿತು.

"ಇವತ್ತು ಎಷ್ಟು ತಾತ?" ಅಂದ ಅಂಗಡಿಯವನು.

"ನಿನ್ನೆಯಷ್ಟೇ," ಅಂದು ಅವನು ಸ್ಟೂಲಿನಿಂದ ಎದ್ದ.